ಸೊನ್ನೆ ಬಂದ್ರೆ ಪಾಸಾ ಸ್ವಾಮಿ?

ಇವತ್ತು ಸ್ವಲ್ಪ ಕೋಪದಲ್ಲೇ ಬರೀತಿದ್ದೀನಿ, ಮೊದಲೇ ಹೇಳಿಬಿಡ್ತೀನಿ. ವಿಷಯ ಕೇಳಿದ್ರೆ ನಿಮಗೆ ನಗು ಬರಬಹುದು. ಸಿ ಭಾಷೆಯಲ್ಲಿ ಸಿಎಚ್‌ಡಿರ್ ಅಂತ ಒಂದು ಪುಟ್ಟ ಫಂಕ್ಷನ್ ಇದೆ. ಚೇಂಜ್ ಡೈರೆಕ್ಟರಿ ಅನ್ನೋದರ ಮೊಟಕು ರೂಪ. ಓಡ್ತಾ ಇರೋ ಪ್ರೋಗ್ರಾಮು ಒಂದು ಫೋಲ್ಡರಿನಿಂದ ಎದ್ದು ಇನ್ನೊಂದು ಫೋಲ್ಡರಿಗೆ ಹೋಗಿ ಕೂರೋದಕ್ಕೆ ಇರೋ ಸಿಸ್ಟಮ್ ಕಾಲ್. ಹೋಗಬೇಕಾದ ಜಾಗದ ಹೆಸರು ಕೊಡಬೇಕು. ಹೋಯ್ತು ಅಂದ್ರೆ ಸೊನ್ನೆ ವಾಪಸ್ ಬರುತ್ತೆ, ಹೋಗೋಕಾಗಲಿಲ್ಲ ಅಂದ್ರೆ ಮೈನಸ್ ಒಂದು. ಅಷ್ಟೇ. ಇದನ್ನ ಟೆಸ್ಟ್ ಮಾಡೋದು ಅಂದ್ರೆ ನಾನು ಕಂಡ ಲ್ಯಾಬುಗಳಲ್ಲಿ, ಆಫೀಸುಗಳಲ್ಲಿ ಏನರ್ಥ ಗೊತ್ತಾ? ಇರೋ ಫೋಲ್ಡರಿನ ಹೆಸರು ಕೊಡೋದು, ಸೊನ್ನೆ ಬಂತಾ ನೋಡೋದು, ಎಕ್ಸೆಲ್ ಶೀಟಿನಲ್ಲಿ ಪಾಸ್ ಅಂತ ಹಸಿರು ಬಳಿಯೋದು, ಕಾಫಿಗೆ ಹೋಗೋದು.

ಇದು ಟೆಸ್ಟ್ ಅಲ್ಲ ಕಣ್ರೀ, ಪೂಜೆ. ಮಂತ್ರ ಹೇಳಿದ್ವಿ, ಮಂಗಳಾರತಿ ಆಯ್ತು, ಪ್ರಸಾದ ತಗೊಳ್ಳಿ.

ಇರೋ ಜಾಗಕ್ಕೆ ಹೋಗು ಅಂದ್ರೆ ಲಿನಕ್ಸ್ ಹೋಗೇ ಹೋಗುತ್ತೆ. ಅದು ಲಿನಕ್ಸ್ ಬರೆದವರ ಹಿರಿಮೆ, ನಿಮ್ಮ ಪ್ರೋಗ್ರಾಮಿನದ್ದಲ್ಲ. ನೀವು ನೋಡಬೇಕಾದ್ದು ಬೇರೆ. ಹೋಗೋಕೆ ಆಗದೇ ಇದ್ದಾಗ ನಿಮ್ಮ ಕೋಡು ಮುಂದಿನ ಸಾಲಿನಲ್ಲಿ ಏನು ಮಾಡುತ್ತೆ? ಹೋದೆ ಅಂತ ಹೇಳಿದಾಗ ನಿಜವಾಗಲೂ ಎಲ್ಲಿ ಹೋಗಿ ಕೂತಿದೆ? ಈ ಎರಡು ಪ್ರಶ್ನೆ ಕೇಳದ ಟೆಸ್ಟು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅಲ್ಲ, ಇರೋದೇ ಹೆಚ್ಚು ಅಪಾಯ, ಯಾಕಂದ್ರೆ ಹಸಿರು ಬಣ್ಣ ನೋಡಿದ ಮೇಲೆ ಮತ್ತೆ ಯಾರೂ ಆ ಕಡೆ ತಿರುಗಿ ನೋಡಲ್ಲ.

ಕಂಪ್ಯೂಟರ್ ಓದದೇ ಇರೋ ಸ್ನೇಹಿತರಿಗೂ ಗೊತ್ತಾಗಲಿ ಅಂತ ಒಂದು ಮೈಸೂರಿನ ಉದಾಹರಣೆ. ಹಳೇ ಸಾಮಾನು ಒಯ್ಯೋನಿಗೆ ನೀವು ಹೀಗೆ ಹೇಳ್ತೀರಿ: "ಗೋಕುಲಂಗೆ ಹೋಗಪ್ಪಾ. ಅಲ್ಲಿ ಮೂರನೇ ಮೇನು, ಐದನೇ ಕ್ರಾಸು, ಬಲಗಡೆ ಎರಡನೇ ಮನೆ. ಒಳಗಿರೋದೆಲ್ಲಾ ಎತ್ತಿ ಬಿಸಾಕು." ಗೋಕುಲಂ ಕಡೆ ರಸ್ತೆ ಬಂದ್ ಆಗಿದೆ. ಬುದ್ಧಿ ಇರೋನಾದ್ರೆ ಫೋನ್ ಮಾಡಿ "ಸಾರ್, ಹೋಗೋಕಾಗ್ತಿಲ್ಲ" ಅಂತಾನೆ. ಇವನು ಹಾಗಲ್ಲ. ಎಲ್ಲಿ ನಿಂತಿದ್ದಾನೋ ಅಲ್ಲೇ, ಸರಸ್ವತಿಪುರಂನಲ್ಲೋ ಕುವೆಂಪುನಗರದಲ್ಲೋ, ಮೂರನೇ ಮೇನು ಐದನೇ ಕ್ರಾಸು ಹುಡುಕಿ ಯಾರದೋ ಮನೆ ಖಾಲಿ ಮಾಡಿ ಬರ್ತಾನೆ. ಮೇನು ಕ್ರಾಸುಗಳಿಗೆ ನಮ್ಮೂರಲ್ಲಿ ಬರವೇ? ರಿಲೇಟಿವ್ ಪಾತ್ ಅಂದ್ರೆ ಇದೇ. ಬಡಾವಣೆ ಹೆಸರಿಲ್ಲದ ವಿಳಾಸ. ಸಿಎಚ್‌ಡಿರ್ ಸೋತರೂ ಪ್ರೋಗ್ರಾಮು ನಿಲ್ಲೋದಿಲ್ಲ, ಹಳೇ ಜಾಗದಲ್ಲೇ ಕೂತು ಮುಂದಿನ ಸಾಲು ಓಡಿಸುತ್ತೆ. ಆ ಮುಂದಿನ ಸಾಲು ಡಿಲೀಟ್ ಆಗಿದ್ರೆ?

ಇದು ನನ್ನ ಕಲ್ಪನೆ ಅಂದ್ಕೋಬೇಡಿ. 2015ರ ಜನವರಿಯಲ್ಲಿ ವಾಲ್ವ್ ಕಂಪನಿಯ ಸ್ಟೀಮ್ ಅನ್ನೋ ಗೇಮ್ ಸಾಫ್ಟ್‌ವೇರಿನ ಲಿನಕ್ಸ್ ಆವೃತ್ತಿಯಲ್ಲಿ ಸರಿಯಾಗಿ ಇದೇ ಆಯ್ತು. ಅದರ ಶೆಲ್ ಸ್ಕ್ರಿಪ್ಟಿನಲ್ಲಿ, ಸ್ಕ್ರಿಪ್ಟು ಇರೋ ಫೋಲ್ಡರಿಗೆ ಸಿಡಿ ಹೊಡೆದು, ಆ ಜಾಗದ ಹೆಸರನ್ನ ಒಂದು ವೇರಿಯೇಬಲ್‌ನಲ್ಲಿ ಇಟ್ಕೊಳ್ಳೋ ಸಾಲು ಇತ್ತು. ಮುಂದೆ ಒಂದು ಕಡೆ ಆ ವೇರಿಯೇಬಲ್ ಹೆಸರಿಗೆ ಒಂದು ಸ್ಲ್ಯಾಶು, ಒಂದು ನಕ್ಷತ್ರ ಸೇರಿಸಿ ಆರ್‌ಎಂ ಮೈನಸ್ ಆರ್‌ಎಫ್. ಒಬ್ಬರು ಸ್ಟೀಮ್ ಫೋಲ್ಡರನ್ನ ಬೇರೆ ಕಡೆ ಸರಿಸಿದ್ದರು. ಸಿಡಿ ಸೋತಿತು, ವೇರಿಯೇಬಲ್ ಖಾಲಿ ಆಯ್ತು, ಉಳಿದಿದ್ದು ಬರೀ ಸ್ಲ್ಯಾಶು ಮತ್ತು ನಕ್ಷತ್ರ. ಅಂದ್ರೆ ಇಡೀ ಸಿಸ್ಟಮ್ಮು. ಅವರ ಹೆಸರಿನಲ್ಲಿದ್ದ ಫೈಲುಗಳೆಲ್ಲಾ ಹೋದವು, ಬ್ಯಾಕಪ್‌ಗೆ ಅಂತ ಜೋಡಿಸಿಟ್ಟಿದ್ದ ಹೊರಗಿನ ಡಿಸ್ಕಿನಲ್ಲಿದ್ದದ್ದೂ ಸೇರಿ. ಇದರಲ್ಲಿ ತಮಾಷೆ ಏನು ಗೊತ್ತಾ, ಆ ಡಿಲೀಟ್ ಸಾಲಿನ ಮೇಲೆ ಬರೆದವರೇ ಒಂದು ಕಾಮೆಂಟ್ ಹಾಕಿದ್ದರು: ಭಯ ಆಗುತ್ತೆ ಅನ್ನೋ ಅರ್ಥದ ಒಂದೇ ಪದ. ಭಯ ಆಗಿತ್ತು, ಆದರೂ ಸಿಡಿ ಸೋತರೆ ಏನಾಗುತ್ತೆ ಅಂತ ಒಂದು ಸಲ ಓಡಿಸಿ ನೋಡಿರಲಿಲ್ಲ.

ಅದು ಶೆಲ್ ಸ್ಕ್ರಿಪ್ಟು, ಸಿ ಅಲ್ಲ ಅಂತೀರಾ? ಶೆಲ್ಲಿನ ಸಿಡಿ ಒಳಗೆ ಕರೆಯೋದು ಇದೇ ಸಿಎಚ್‌ಡಿರ್ ಅನ್ನೇ. ಹೋಗಲಿ, ಸಿ ಕಥೇನೇ ಬೇಕು ಅಂದ್ರೆ ನಮ್ಮ ಪಕ್ಕದ್ದೇ ಒಂದು ಇದೆ.

ನಾನು ಮೊದಲು ಕೆಲಸ ಮಾಡ್ತಿದ್ದ ಕಡೆ (ಹೆಸರು ಬೇಡ) ಇನ್ನೊಂದು ಟೀಮಿನವರು ಕಾರ್ಖಾನೆಗಳಿಗೆ ಒಂದು ಸಣ್ಣ ಪೆಟ್ಟಿಗೆ ಮಾಡಿಕೊಡ್ತಿದ್ದರು. ತೂಕ ಮಾಡೋ ಯಂತ್ರದ ಪಕ್ಕ ಕೂತು ರೀಡಿಂಗ್ ಬರೆದಿಡೋ ಲಿನಕ್ಸ್ ಪೆಟ್ಟಿಗೆ. ರಾತ್ರಿ ಹೊತ್ತು ಅದರೊಳಗೆ ಒಂದು ಸಿ ಪ್ರೋಗ್ರಾಮು ಎದ್ದು, ಮೆಮೊರಿ ಕಾರ್ಡಿನಲ್ಲಿರೋ ಲಾಗ್ ಫೋಲ್ಡರಿಗೆ ಸಿಎಚ್‌ಡಿರ್ ಮಾಡಿ, ಏಳು ದಿನಕ್ಕಿಂತ ಹಳೇ ಫೈಲುಗಳನ್ನ ಅಳಿಸಬೇಕು. ಒಂದು ರಾತ್ರಿ ನಂಜನಗೂಡಿನ ಕಡೆಯ ಒಂದು ಕಾರ್ಖಾನೆಯಲ್ಲಿ ಕಾರ್ಡು ಸಡಿಲ ಆಗಿತ್ತು. ಮೌಂಟ್ ಆಗಲಿಲ್ಲ. ಸಿಎಚ್‌ಡಿರ್ ಮೈನಸ್ ಒಂದು ಕೊಟ್ಟಿತು. ಕೇಳೋರು ಯಾರು? ಪ್ರೋಗ್ರಾಮು ತಾನು ಹುಟ್ಟಿದ ಫೋಲ್ಡರಿನಲ್ಲೇ ಕೂತು ಏಳು ದಿನಕ್ಕಿಂತ ಹಳೇದೆಲ್ಲಾ ಅಳಿಸಿತು. ಅದು ಹುಟ್ಟಿದ ಫೋಲ್ಡರಿನಲ್ಲಿ ಇದ್ದದ್ದು ಯಂತ್ರದ ಕ್ಯಾಲಿಬ್ರೇಷನ್ ಫೈಲುಗಳು. ಅವು ಯಾವತ್ತೂ ಏಳು ದಿನಕ್ಕಿಂತ ಹಳೇವೇ ಆಗಿರ್ತವೆ, ದಿನಾ ಯಾರು ಕ್ಯಾಲಿಬ್ರೇಷನ್ ಮಾಡ್ತಾರೆ?

ಯಂತ್ರ ನಿಂತಿತು. ಆ ಪಾಳಿಯಲ್ಲಿ ಇದ್ದದ್ದು ಒಬ್ಬ ಕಾಂಟ್ರ್ಯಾಕ್ಟ್ ಹುಡುಗ. "ಏನೋ ಒತ್ತಿದ್ದಾನೆ" ಅಂತ ಎರಡು ದಿನದ ಸಂಬಳ ಹಿಡಿದರು. ನಮ್ಮವರಿಗೆ ನಿಜವಾದ ಕಾರಣ ಸಿಕ್ಕಿದ್ದು ಒಂದು ವಾರದ ಮೇಲೆ. ಕೋಡಿಗೆ ಒಂದು ಇಫ್ ಸೇರಿಸಿ ಹೊಸ ಆವೃತ್ತಿ ಕಳಿಸಿದರು. ಟೆಸ್ಟ್ ರಿಪೋರ್ಟು ತೆಗೆದು ನೋಡಿದರೆ ಆ ಫಂಕ್ಷನ್ ಎದುರಿಗೆ ಪಾಸ್. ಹೇಗೆ ಪಾಸ್? ಕಾರ್ಡು ಹಾಕಿ ಓಡಿಸಿದ್ದರು, ಹೋಗಿತ್ತು, ಅಳಿಸಿತ್ತು. ಆ ಹುಡುಗನ ದುಡ್ಡು ವಾಪಸ್ ಬಂತಾ ಅಂತ ನಾನು ಮೀಟಿಂಗಿನಲ್ಲಿ ಕೇಳಿದೆ. ಅದು ಕಸ್ಟಮರ್ ಸೈಡ್ ವಿಷಯ ಅಂದರು. ನನ್ನ ಕೋಪ ಶುರು ಆಗಿದ್ದು ಅಲ್ಲಿಂದ.

ಇದು ಎಲ್ಲಿಂದ ಬರುತ್ತೆ ಅಂತ ಯೋಚಿಸಿದ್ರೆ ನನಗೆ ಕಾಣೋದು ಕಾಲೇಜಿನ ಲ್ಯಾಬು. ಆರನೇ ಸೆಮಿಸ್ಟರಿನಲ್ಲಿ ನಮಗೆ ಯುನಿಕ್ಸ್ ಸಿಸ್ಟಮ್ಸ್ ಪ್ರೋಗ್ರಾಮಿಂಗ್ ಇತ್ತು, ವಿಟಿಯು 2010ರ ಸ್ಕೀಮು. ಸಿಲಬಸ್ ಬೈಯೋದು ನಮ್ಮಲ್ಲಿ ಫ್ಯಾಷನ್ನು, ಆದರೆ ಇಲ್ಲಿ ಸಿಲಬಸ್ಸಿನ ತಪ್ಪಿಲ್ಲ. ಸ್ಟೀವನ್ಸ್ ಅವರ ಪುಸ್ತಕ ಪಠ್ಯದಲ್ಲಿತ್ತು. ಲ್ಯಾಬಿನ ಮೊದಲನೇ ಪ್ರೋಗ್ರಾಮೇ ಸಿಸ್ಟಮ್ಮಿನ ಮಿತಿಗಳನ್ನ ಕೇಳಿ ತಿಳ್ಕೊಳ್ಳೋದು: ಪಾತ್ ಎಷ್ಟು ಉದ್ದ ಇರಬಹುದು, ಫೈಲಿನ ಹೆಸರು ಎಷ್ಟು ಉದ್ದ ಇರಬಹುದು, ಒಂದು ಪ್ರೋಸೆಸ್ಸು ಎಷ್ಟು ಫೈಲು ತೆರೆದಿಟ್ಟುಕೊಳ್ಳಬಹುದು. ಎಂಥಾ ಒಳ್ಳೇ ಪ್ರಶ್ನೆಗಳು! ಮಿತಿ ದಾಟಿದ್ರೆ ಏನಾಗುತ್ತೆ ಅಂತ ಮುಂದಿನ ಪ್ರಶ್ನೆ ತಾನಾಗೇ ಹುಟ್ಟಬೇಕು. ಹುಟ್ಟಲಿಲ್ಲ. ಉತ್ತರಗಳು ಜೆರಾಕ್ಸ್ ಮ್ಯಾನ್ಯುಯಲ್‌ನಲ್ಲೇ ಇದ್ದವು. ನಾವು ಪ್ರೋಗ್ರಾಮು ಓಡಿಸೋ ಮುಂಚೇನೇ ರೆಕಾರ್ಡ್ ಬುಕ್ಕಿನ ಎಡಗಡೆ ಖಾಲಿ ಪುಟದಲ್ಲಿ ಪೆನ್ಸಿಲಿನಲ್ಲಿ 4096, 255 ಅಂತ ಔಟ್‌ಪುಟ್ ಬರೆದಾಗಿರ್ತಿತ್ತು. ಓಡಿಸೋದು ಬರೀ ಶಾಸ್ತ್ರಕ್ಕೆ.

ನನ್ನ ಬ್ಯಾಚಿನ ಹುಡುಗಿಯೊಬ್ಬಳು ಸಿಎಚ್‌ಡಿರ್ ಇದ್ದ ಕಡೆ ಮೈನಸ್ ಒಂದು ಬಂದ್ರೆ ಪಿ-ಎರರ್ ಕರೆದು ನಿಲ್ಲಿಸೋ ಹಾಗೆ ಎರಡು ಸಾಲು ಸೇರಿಸಿದ್ದಳು. ಲ್ಯಾಬಿನಲ್ಲಿದ್ದವರು ನೋಡಿ ಹೇಳಿದ ಮಾತು ನನಗೆ ಇನ್ನೂ ನೆನಪಿದೆ: "ಮ್ಯಾನ್ಯುಯಲ್‌ನಲ್ಲಿ ಇಲ್ಲದ್ದನ್ನ ಯಾಕಮ್ಮಾ ಬರೀತೀಯಾ? ಔಟ್‌ಪುಟ್ ಬಂತಲ್ಲಾ. ಎಕ್ಸ್‌ಟರ್ನಲ್ ಬಂದಾಗ ಸುಮ್ಮನೆ ಕನ್‌ಫ್ಯೂಸ್ ಆಗುತ್ತೆ, ತೆಗಿ ಅದನ್ನ." ತೆಗೆದಳು ಪಾಪ. ನಾಲ್ಕು ವರ್ಷ ಹೀಗೆ ತೆಗೆಸಿ ತೆಗೆಸಿ ಕಳಿಸಿದ ಹುಡುಗರು ಹೆಬ್ಬಾಳದ ಕಡೆ ಆಫೀಸಿನಲ್ಲಿ ಬಂದು ಕೂತ ದಿನವೇ ಎರರ್ ಚೆಕ್ ಬರೀಬೇಕು ಅಂದ್ರೆ ಹೇಗೆ ಬರೀತಾರೆ?

ಮೊದಲ ವರ್ಷದ ಸಿ ಲ್ಯಾಬು ಇನ್ನೂ ಚೆಂದ. ಟರ್ಬೋ ಸಿ, ಅದನ್ನ ಓಡಿಸೋಕೆ ಡಾಸ್‌ಬಾಕ್ಸು, ನೀಲಿ ಪರದೆ. ಟರ್ಬೋ ಸಿ-ಯಲ್ಲೂ ಸಿಎಚ್‌ಡಿರ್ ಇದೆ, ಆದರೆ ಡಾಸ್ ಲೋಕದ ನಿಯಮವೇ ಬೇರೆ. ಅಲ್ಲಿ ಪ್ರೋಗ್ರಾಮು ಜಾಗ ಬದಲಾಯಿಸಿ ಮುಗಿದ ಮೇಲೂ ನಿಮ್ಮ ಪ್ರಾಂಪ್ಟು ಹೊಸ ಜಾಗದಲ್ಲೇ ಇರುತ್ತೆ. ಡಿ ಡ್ರೈವಿನ ಪಾತ್ ಕೊಟ್ಟರೆ ಡಿ ಡ್ರೈವಿನ ಒಳಗಿನ ಜಾಗ ಬದಲಾಗುತ್ತೆ, ನೀವು ಮಾತ್ರ ಸಿ ಡ್ರೈವಿನಲ್ಲೇ ಇರ್ತೀರಿ, ಸೊನ್ನೆಯೂ ಬರುತ್ತೆ! ಯುನಿಕ್ಸಿನಲ್ಲಿ ಹಾಗಲ್ಲ. ಕೂತ ಜಾಗ ಅನ್ನೋದು ಒಂದೊಂದು ಪ್ರೋಸೆಸ್ಸಿನ ಸ್ವಂತ ಆಸ್ತಿ. ಮಗ ಜಾಗ ಬದಲಾಯಿಸಿದ್ರೆ ಅಪ್ಪ ಅಲ್ಲಾಡೋದಿಲ್ಲ. ನೀಲಿ ಪರದೆಯಲ್ಲಿ ಕಲಿತವರು ಲಿನಕ್ಸಿನಲ್ಲಿ ಪುಟ್ಟ ಶೆಲ್ ಬರೆಯೋ ಮಿನಿ ಪ್ರಾಜೆಕ್ಟು ತಗೊಂಡಾಗ ಎಲ್ಲಾ ಕಮ್ಯಾಂಡಿನ ಹಾಗೆ ಸಿಡಿಗೂ ಫೋರ್ಕ್ ಮಾಡಿ, ಮಗನ ಕೈಯಲ್ಲಿ ಸಿಎಚ್‌ಡಿರ್ ಮಾಡಿಸಿ, ಯಾಕೆ ಕೆಲಸ ಮಾಡ್ತಿಲ್ಲ ಅಂತ ತಲೆ ಕೆರ್ಕೊಳ್ತಾರೆ. ಸೊನ್ನೆ ಬರ್ತಾ ಇದೆಯಲ್ಲಾ! ನಮ್ಮ ಬ್ಯಾಚಿನ ಒಬ್ಬರಿಗೆ ಸಿಕ್ಕ ಉತ್ತರ: "ಅದು ಉಬುಂಟು ಬಗ್ಗು, ಬಿಡ್ರೋ."

ಅದು ಉಬುಂಟು ಬಗ್ಗಲ್ಲ, ಯುನಿಕ್ಸಿನಷ್ಟೇ ಹಳೇ ಕಥೆ. ಡೆನಿಸ್ ರಿಚಿ 1979ರಲ್ಲಿ ಯುನಿಕ್ಸ್ ಬೆಳೆದ ಬಗೆ ಹೇಳೋ ಒಂದು ಪೇಪರಿನಲ್ಲಿ ಇದನ್ನ ಬರೆದಿದ್ದಾರೆ. ಪಿಡಿಪಿ-7 ಕಾಲದಲ್ಲಿ ಹೊಸದಾಗಿ ಫೋರ್ಕ್ ಸೇರಿಸಿ ಖುಷಿಯಾಗಿದ್ದಾಗ ಇದ್ದಕ್ಕಿದ್ದ ಹಾಗೆ ಸಿಎಚ್‌ಡಿರ್ ಕಮ್ಯಾಂಡು ಕೆಲಸ ನಿಲ್ಲಿಸಿತಂತೆ. ಕೋಡು ಓದಿ ಓದಿ ಕೊನೆಗೆ ಹೊಳೀತು: ಕಮ್ಯಾಂಡು ಸರಿಯಾಗೇ ಜಾಗ ಬದಲಾಯಿಸ್ತಾ ಇದೆ, ಆದರೆ ಅದನ್ನ ಓಡಿಸೋಕೆ ಹುಟ್ಟಿದ ಮಗ ಪ್ರೋಸೆಸ್ಸಿನ ಜಾಗವನ್ನ. ಆ ಮಗ ಮರುಕ್ಷಣವೇ ಸಾಯ್ತಾನೆ, ಶೆಲ್ಲು ಇದ್ದಲ್ಲೇ ಇರುತ್ತೆ. ಆವತ್ತಿನಿಂದ ಅದು ಶೆಲ್ಲಿನ ಒಳಗೇ ಓಡೋ ಕಮ್ಯಾಂಡಾಯ್ತು. ರಿಚಿ, ಥಾಂಪ್ಸನ್ ಅಂಥವರನ್ನೇ ಕೆಲ ಹೊತ್ತು ಕಾಡಿದ ಫಂಕ್ಷನ್ ಇದು. ನಮ್ಮವರಿಗೆ ಮಾತ್ರ "ಒಂದು ಲೈನು, ಅದರಲ್ಲಿ ಟೆಸ್ಟ್ ಮಾಡೋಕೆ ಏನಿದೆ?"

ಇನ್ನು ವಾದ ಮಾಡೋರ ಕಡೆ ಬರೋಣ. ಮೊದಲನೇ ವಾದ, ಕರ್ನಲ್ ಟೆಸ್ಟ್ ಮಾಡೋದು ಟೊರ್ವಾಲ್ಡ್ಸ್ ಕಡೆಯವರ ಕೆಲಸ, ನಮ್ಮದಲ್ಲ ಅನ್ನೋದು. ಸರಿ. ಅವರ ಕಡೆಯವರು ಮಾಡ್ತಾನೂ ಇದ್ದಾರೆ. ಲಿನಕ್ಸ್ ಟೆಸ್ಟ್ ಪ್ರಾಜೆಕ್ಟ್ ಅಂತ ಒಂದಿದೆ, ಅದರಲ್ಲಿ ಸಿಎಚ್‌ಡಿರ್‌ಗೇ ಪ್ರತ್ಯೇಕ ಟೆಸ್ಟ್ ಪ್ರೋಗ್ರಾಮುಗಳಿವೆ. ಒಂದು ಸಲ ತೆರೆದು ಓದಿ. ಇರೋ ಫೋಲ್ಡರು, ಇಲ್ಲದ ಫೋಲ್ಡರು, ಫೋಲ್ಡರಲ್ಲದ ಫೈಲು, ತನ್ನನ್ನೇ ತೋರಿಸೋ ಸಿಮ್‌ಲಿಂಕು, ಒಳಗೆ ಬಿಡದ ಫೋಲ್ಡರು, ಎಲ್ಲಾ ಕೊಟ್ಟು ನೋಡ್ತಾರೆ. ಅದೂ ಎರಡೆರಡು ಸಲ, ರೂಟ್ ಆಗಿ ಒಂದು ಸಲ, ಏನೂ ಅಧಿಕಾರ ಇಲ್ಲದ ನೋಬಡಿ ಆಗಿ ಇನ್ನೊಂದು ಸಲ. ಯಾಕೆ ಹೇಳಿ? ರೂಟಿಗೆ ಪರ್ಮಿಷನ್ ಅಡ್ಡಿ ಆಗೋದಿಲ್ಲ. ಬಾಗಿಲು ಮುಚ್ಚಿದ ಫೋಲ್ಡರಿಗೂ ಒಳಗೆ ಹೋಗ್ತಾನೆ. ನಮ್ಮ ಆಫೀಸುಗಳಲ್ಲಿ ಟೆಸ್ಟುಗಳು ಓಡೋದು ಡಾಕರ್ ಒಳಗೆ, ಬಹುಪಾಲು ಕಡೆ ರೂಟ್ ಆಗಿ. ಇ-ಆ್ಯಕ್ಸೆಸ್ ಅನ್ನೋ ಎರರ್ ಅಲ್ಲಿ ಹುಟ್ಟೋದೇ ಇಲ್ಲ. ಅಂದ್ರೆ ಪರ್ಮಿಷನ್ ಟೆಸ್ಟ್ ಬರೆದವರ ಟೆಸ್ಟೂ ಅಲ್ಲಿ ಸುಳ್ಳು ಹೇಳುತ್ತೆ. ನಿಮ್ಮ ಪ್ರೋಗ್ರಾಮು ಕಸ್ಟಮರ್ ಹತ್ತಿರ ರೂಟ್ ಆಗಿ ಓಡಲ್ವಲ್ಲಾ ಸ್ವಾಮಿ (ಓಡಿದ್ರೆ ಅದಕ್ಕೆ ಬೇರೆ ಪೋಸ್ಟ್ ಬರೀಬೇಕಾಗುತ್ತೆ).

ಅವರು ಕರ್ನಲ್ ಟೆಸ್ಟ್ ಮಾಡಿದ್ದಾರೆ ನಿಜ. ಕರ್ನಲ್ಲು "ಹೋಗೋಕಾಗಲ್ಲ" ಅಂತ ಸರಿಯಾಗಿ ಹೇಳುತ್ತೆ ಅನ್ನೋದನ್ನ ಖಾತ್ರಿ ಮಾಡಿದ್ದಾರೆ. ಅದನ್ನ ನೀವು ಕಿವಿಗೆ ಹಾಕ್ಕೊಂಡ್ರಾ ಅನ್ನೋದನ್ನ ಅವರು ಟೆಸ್ಟ್ ಮಾಡೋಕಾಗಲ್ಲ.

ಎರಡನೇ ವಾದ, ನಾವು ಮಾಕ್ ಮಾಡ್ತೀವಿ. ನಕಲಿ ಸಿಎಚ್‌ಡಿರ್ ಬರೆದು ಅದು ಸೊನ್ನೆ ಕೊಡೋ ಹಾಗೆ ಮಾಡೋದು. ಅದು ಎಲ್ಲಿಗೂ ಹೋಗಲ್ಲ, ಹೋದೆ ಅನ್ನುತ್ತೆ. ನಕಲಿ ಫಂಕ್ಷನ್ ಮೈನಸ್ ಒಂದು ಕೊಡೋ ಹಾಗೂ ಮಾಡಿ, ಆಮೇಲೆ ನಿಮ್ಮ ಕೋಡು ಏನು ಮಾಡ್ತು ಅಂತ ನೋಡಿದ್ರೆ ಅದಕ್ಕೆ ನಾನು ಕೈ ಮುಗೀತೀನಿ, ಅರ್ಧ ಕೆಲಸ ಆಯ್ತು. ಸೊನ್ನೆ ಕೊಡೋ ಮಾಕ್ ಮಾತ್ರ ಇದ್ದರೆ ಅದಕ್ಕಿಂತ ನಿಮ್ಮ ಲ್ಯಾಬ್ ರೆಕಾರ್ಡಿನ ಪೆನ್ಸಿಲ್ ಔಟ್‌ಪುಟ್ಟೇ ವಾಸಿ.

ಮೂರನೇದು ನನಗೆ ಎಲ್ಲಕ್ಕಿಂತ ಸಿಟ್ಟು ಬರಿಸೋ ವಾದ: "ನಮ್ಮ ಕವರೇಜ್ ನೂರಕ್ಕೆ ನೂರು ಇದೆ." ಇರಲೇಬೇಕಲ್ಲ! ಎರರ್ ಚೆಕ್ಕೇ ಬರೀದೇ ಇರೋ ಕೋಡಿನಲ್ಲಿ ಕವಲೇ ಇಲ್ಲ. ಒಂದು ಸಲ ಓಡಿಸಿದ್ರೆ ಎಲ್ಲಾ ಸಾಲೂ ಓಡ್ತವೆ, ನೂರಕ್ಕೆ ನೂರು. ಯಾವನೋ ಒಬ್ಬ ಮರ್ಯಾದಸ್ಥ ಇಫ್ ಹಾಕಿ ಒಳಗೆ ಮೂರು ಸಾಲು ಬರೆದ ಅಂದ್ರೆ, ಆ ಮೂರು ಸಾಲು ಓಡಿಸೋ ಟೆಸ್ಟ್ ಇಲ್ಲದೇ ಅವನ ಕವರೇಜ್ ಕೆಳಗೆ ಬೀಳುತ್ತೆ, ಮ್ಯಾನೇಜರ್ ಮೇಲ್ ಕಳಿಸ್ತಾರೆ. ತಪ್ಪನ್ನ ನೋಡದೇ ಇದ್ದವನಿಗೆ ಫುಲ್ ಮಾರ್ಕ್ಸು, ನೋಡಿದವನಿಗೆ ನೋಟಿಸು.

ಕಂಪೈಲರ್ರೇ ಕೂಗಿ ಹೇಳಿದ್ರೂ ನಾವು ಕೇಳಲ್ಲ ಅನ್ನೋದಕ್ಕೆ ಇನ್ನೊಂದು. ಜಿಲಿಬ್‌ಸಿ-ಯವರು ಸಿಎಚ್‌ಡಿರ್ ಉತ್ತರವನ್ನ ನೋಡದೇ ಬಿಟ್ಟರೆ ಎಚ್ಚರಿಕೆ ಕೊಡೋ ಹಾಗೆ ಗುರುತು ಹಾಕಿದ್ದಾರೆ. ಫಾರ್ಟಿಫೈ ಸೋರ್ಸ್ ಆನ್ ಮಾಡಿ ಕಂಪೈಲ್ ಮಾಡಿದ್ರೆ ಜಿಸಿಸಿ ಗೊಣಗುತ್ತೆ. ಉಬುಂಟುನಲ್ಲಿ ಆಪ್ಟಿಮೈಸೇಷನ್ ಕೊಟ್ಟರೆ ಅದು ತಾನಾಗೇ ಆನ್ ಆಗಿರುತ್ತೆ. ಮುಂದೆ ವಾಯ್ಡ್ ಅಂತ ಬರೆದು ಬಾಯಿ ಮುಚ್ಚಿಸೋಣ ಅಂದ್ರೆ ಜಿಸಿಸಿ ಅದಕ್ಕೂ ಬಗ್ಗಲ್ಲ. ಆಗ ನಮ್ಮ ಜಾಣರು ಏನು ಮಾಡ್ತಾರೆ ಗೊತ್ತಾ? ಇಫ್ ಒಳಗೆ ಸಿಎಚ್‌ಡಿರ್ ಹಾಕಿ, ಮುಂದೆ ಖಾಲಿ ಬ್ರೇಸು! ಒಳಗೆ ಏನೂ ಇಲ್ಲ. ಕಂಪೈಲರ್ ಸುಮ್ಮನಾಯ್ತು, ರಿವ್ಯೂ ಮಾಡೋರು ಸುಮ್ಮನಾದ್ರು. ಮನೆಗೆ ಹೊಗೆ ಎಚ್ಚರಿಕೆ ಗಂಟೆ ಹಾಕಿಸಿ, ಕೂಗಿದ ತಕ್ಷಣ ಬ್ಯಾಟರಿ ಕಿತ್ತ ಹಾಗೆ.

ಈಗ ಸೊನ್ನೆ ಬಂದೂ ಕೆಡೋ ಕಥೆ. ಇದು ಸೂಕ್ಷ್ಮ, ಆದರೆ ಇದೇ ನಿಜವಾದ ಮಜಾ. 2024ರ ಜನವರಿ ಕೊನೆಯಲ್ಲಿ ರನ್‌ಸಿ ಅನ್ನೋ ಪ್ರೋಗ್ರಾಮಿನ ಒಂದು ಭದ್ರತಾ ಲೋಪ ಹೊರಗೆ ಬಂತು. ಡಾಕರ್, ಕುಬರ್ನೆಟಿಸ್ ಎಲ್ಲದರ ತಳದಲ್ಲಿ ಕಂಟೇನರ್ ಹುಟ್ಟಿಸೋದು ಇದೇ ರನ್‌ಸಿ. ಇದನ್ನ ಬಹುಪಾಲು ಗೋ ಭಾಷೆಯಲ್ಲಿ ಬರೆದಿದ್ದಾರೆ, ಆದರೆ ಕೆಳಗೆ ಕರೆಯೋದು ಇದೇ ಸಿಸ್ಟಮ್ ಕಾಲ್. ಹೊರಗಿನ ಯಂತ್ರದ ಒಂದು ಫೋಲ್ಡರಿನ ಫೈಲ್ ಡಿಸ್ಕ್ರಿಪ್ಟರ್ ಅದರ ಕೈಯಿಂದ ಜಾರಿ ಒಳಗೆ ಉಳ್ಕೊಳ್ತಿತ್ತು. ಕಂಟೇನರಿನ ಕೆಲಸದ ಫೋಲ್ಡರು ಅಂತ ಆ ಡಿಸ್ಕ್ರಿಪ್ಟರಿನ ಪ್ರಾಕ್ ಹಾದಿಯನ್ನ ಕೊಟ್ಟರೆ ಸಿಎಚ್‌ಡಿರ್ ಆರಾಮಾಗಿ ಹೋಗ್ತಿತ್ತು. ಸೊನ್ನೆ. ಯಶಸ್ವಿ. ಎಲ್ಲಿಗೆ? ಕಂಟೇನರಿನ ಹೊರಗೆ, ಹೋಸ್ಟ್ ಯಂತ್ರದೊಳಕ್ಕೆ. 1.1.12 ಆವೃತ್ತಿಯಲ್ಲಿ ಡಿಸ್ಕ್ರಿಪ್ಟರ್ ಮುಚ್ಚಿದ್ದರ ಜೊತೆಗೆ ಇನ್ನೊಂದು ಕೆಲಸ ಮಾಡಿದರು: ಸಿಎಚ್‌ಡಿರ್ ಆದ ಮೇಲೆ ಗೆಟ್‌ಸಿಡಬ್ಲ್ಯೂಡಿ ಕರೆದು ನಾವು ಒಳಗೇ ಇದ್ದೀವಾ ಅಂತ ಕೇಳೋದು. ಹೊರಗೆ ಕೂತಿದ್ರೆ ಅದು ಎರರ್ ಕೊಡುತ್ತೆ, ಅಲ್ಲೇ ನಿಲ್ಲಿಸೋದು. ಬಸ್ ಹತ್ತಿದ ಮೇಲೆ ಇದು ಚಾಮುಂಡಿಬೆಟ್ಟಕ್ಕೆ ತಾನೇ ಹೋಗೋದು ಅಂತ ನಮ್ಮಜ್ಜಿ ಕಂಡಕ್ಟರನ್ನ ಕೇಳೋ ಪ್ರಶ್ನೆ. ಅಜ್ಜಿಗೆ ಗೊತ್ತಿತ್ತು.

ಗೆಟ್‌ಸಿಡಬ್ಲ್ಯೂಡಿ ಉತ್ತರವನ್ನ ಕುರುಡಾಗಿ ನಂಬೋದೂ ಅಪಾಯ. 2010ರ 2.6.36 ಕರ್ನಲ್‌ನಿಂದ, ಕೂತ ಜಾಗ ರೂಟಿನ ಕೆಳಗೆ ಇಲ್ಲ ಅಂದ್ರೆ ಹೆಸರಿನ ಮುಂದೆ ಕಂಸದಲ್ಲಿ "ಅನ್‌ರೀಚಬಲ್" ಅಂತ ಸೇರಿಸಿ ಕೊಡೋದು ಶುರುವಾಯ್ತು. ಜಿಲಿಬ್‌ಸಿ-ಯ ರಿಯಲ್‌ಪಾತ್ ಫಂಕ್ಷನ್ನಿನವರು ಉತ್ತರ ಯಾವಾಗಲೂ ಸ್ಲ್ಯಾಶಿನಿಂದ ಶುರುವಾಗುತ್ತೆ ಅಂತ ನಂಬಿಕೊಂಡಿದ್ದರು. ಸ್ಲ್ಯಾಶು ಹುಡುಕ್ತಾ ಬಫರಿನ ಹಿಂದಕ್ಕೆ ಹಿಂದಕ್ಕೆ ಹೋಗಿ ಮೆಮೊರಿ ಕೆಡಿಸ್ತಿತ್ತು. 2018ರಲ್ಲಿ ಒಬ್ಬರು ಅದರಿಂದ ರೂಟ್ ಆಗೋದು ಹೇಗೆ ಅಂತ ತೋರಿಸಿಕೊಟ್ಟರು, 2.27 ಆವೃತ್ತಿಯಲ್ಲಿ ಸರಿ ಮಾಡಿದರು. ಎಂಟು ವರ್ಷ, ಪ್ರಪಂಚದ ಅರ್ಧ ಸರ್ವರುಗಳು ಉಪಯೋಗಿಸೋ ಲೈಬ್ರರಿಯಲ್ಲಿ! ಅಂಥವರೇ ಒಂದು ಪ್ರಶ್ನೆ ಕೇಳೋದು ಮರೆತಿದ್ದರು ಅಂದ್ರೆ ನಮ್ಮ ಎಕ್ಸೆಲ್ ಶೀಟಿನ ಪಾಡೇನು.

ಇಷ್ಟು ಹೇಳಿ ಕನ್ನಡದ ವಿಷಯ ಬಿಟ್ಟರೆ ನನಗೆ ಊಟ ಸೇರಲ್ಲ. ಯಾವ ಟೆಸ್ಟ್ ಶೀಟಿನಲ್ಲಾದರೂ ಕನ್ನಡ ಹೆಸರಿನ ಫೋಲ್ಡರು ನೋಡಿದ್ದೀರಾ? ನಾನು ನೋಡಿಲ್ಲ. ಎಲ್ಲಾ ಟೆಸ್ಟ್1, ಟೆಸ್ಟ್2, ಎಬಿಸಿ. ಯುನಿಕೋಡ್ ಬಂದು ಇಷ್ಟು ವರ್ಷ ಆಯ್ತು, ಜನ ಫೋಟೋ ಫೋಲ್ಡರಿಗೆ, ಮದುವೆ ವಿಡಿಯೋಗೆ, ಪಹಣಿ ಸ್ಕ್ಯಾನಿಗೆ ಕನ್ನಡದಲ್ಲೇ ಹೆಸರಿಡ್ತಾರೆ. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಚಿಹ್ನೆಗೂ ಮೂರು ಬೈಟು. "ಚಾಮುಂಡೇಶ್ವರಿ" ಕಣ್ಣಿಗೆ ಐದು ಅಕ್ಷರ. ಕಂಪ್ಯೂಟರಿಗೆ ಗುಣಿತ, ಒತ್ತು, ಸೊನ್ನೆ ಎಲ್ಲಾ ಸೇರಿ 12 ಚಿಹ್ನೆ, 36 ಬೈಟು. ಮೂವತ್ತೆರಡರ ಕ್ಯಾರೆಕ್ಟರ್ ಅರೇ ಇಟ್ಟು ಸ್ಟ್ರಿಂಗ್ ಕಾಪಿ ಮಾಡೋ ಕೋಡು ಅಲ್ಲೇ ಒಡೆಯುತ್ತೆ, ಇಲ್ಲಾ ಹೆಸರನ್ನ ಅರ್ಧಕ್ಕೆ ಕತ್ತರಿಸಿ ಸಿಎಚ್‌ಡಿರ್‌ಗೆ ಕೊಡುತ್ತೆ. ಲ್ಯಾಬಿನಲ್ಲಿ ಪೆನ್ಸಿಲಿನಲ್ಲಿ ಬರೆದ ಆ 255 ಇದೆಯಲ್ಲಾ, ಅದು ಅಕ್ಷರ ಅಲ್ಲ, ಬೈಟು. ಕನ್ನಡದಲ್ಲಿ 85 ಚಿಹ್ನೆಗೆ ಮುಗೀತು. 86ನೇದಕ್ಕೆ ಇ-ನೇಮ್-ಟೂ-ಲಾಂಗ್.

ಇನ್ನೂ ಒಂದು ಇದೆ. "ಕೊಡಗು" ಅನ್ನೋ ಫೋಲ್ಡರು ಪರದೆ ಮೇಲೆ ಕಾಣ್ತಾ ಇದೆ. ಸಿಎಚ್‌ಡಿರ್ ಮಾಡಿದ್ರೆ ಇ-ನೋ-ಎಂಟ್, ಅಂಥ ಫೋಲ್ಡರೇ ಇಲ್ಲ! ಯಾಕಂದ್ರೆ "ಕೊ" ಅನ್ನೋ ಅಕ್ಷರದ ಗುಣಿತವನ್ನ ಯುನಿಕೋಡಿನಲ್ಲಿ ಎರಡು ಥರ ಬರೀಬಹುದು. ಒಂದೇ ಚಿಹ್ನೆಯಾಗಿ, ಅಥವಾ ಎತ್ವ ಮತ್ತು ಊ ಸ್ವರದ ಕೊಂಬು ಅಂತ ಎರಡು ಚಿಹ್ನೆಯಾಗಿ. ಕಣ್ಣಿಗೆ ಎರಡೂ ಒಂದೇ, ಬೈಟು ಲೆಕ್ಕದಲ್ಲಿ ಒಂದು 15, ಇನ್ನೊಂದು 18. ಸಾಮಾನ್ಯವಾಗಿ ಲಿನಕ್ಸ್ ಫೈಲ್ ಸಿಸ್ಟಮ್ಮು ಬೈಟು ನೋಡುತ್ತೆ, ಕನ್ನಡ ಓದಲ್ಲ. ಹಳೇ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನ ಬಿಡಿಸಿ ಎರಡನೇ ಥರದಲ್ಲಿ ಇಡ್ತಿತ್ತು, ಅಲ್ಲಿಂದ ಜಿಪ್ ಮಾಡಿ ತಂದ ಫೋಲ್ಡರಿನಲ್ಲಿ ಈ ಫಜೀತಿ. "ಸಾಫ್ಟ್‌ವೇರ್" ಪದದ ನಡುವೆ ಒತ್ತು ಬೀಳದಿರಲಿ ಅಂತ ಹಾಕೋ ಕಣ್ಣಿಗೆ ಕಾಣದ ಚಿಹ್ನೆಯದ್ದೂ ಇದೇ ಪಾಡು, ಅದು ಇದ್ದರೆ ಒಂದು ಫೋಲ್ಡರು, ಇಲ್ಲದಿದ್ದರೆ ಇನ್ನೊಂದು. ಇಂಗ್ಲಿಷ್‌ನವರು ಬರೆದ ಟೆಸ್ಟಿನಲ್ಲಿ ಇದು ಇರಲ್ಲ, ಇರಬೇಕು ಅಂತ ಅವರನ್ನ ಕೇಳೋದೂ ಸರಿಯಲ್ಲ. ನಾವು ಬರೀಬೇಕು. ನಮ್ಮ ಅಪ್ಪ ಅಮ್ಮಂದಿರ ಫೋಲ್ಡರುಗಳು ಅವು.

ಸುಮ್ಮನೆ ಬೈದು ಹೋದ ಅನ್ನಬೇಡಿ, ನಾನು ಹೇಗೆ ಮಾಡ್ತೀನಿ ಅಂತ ಹೇಳ್ತೀನಿ. ಮೊದಲು ಎಂಕೆಡಿ-ಟೆಂಪ್ ಕರೆದು ಒಂದು ತಾತ್ಕಾಲಿಕ ಫೋಲ್ಡರು. ಪ್ರತಿ ಟೆಸ್ಟಿಗೂ ಒಂದು ಫೋರ್ಕು, ಯಾಕಂದ್ರೆ ಮಗ ಎಲ್ಲಿ ಬೇಕಾದ್ರೂ ಅಲೆದು ಸಾಯಲಿ, ಮುಂದಿನ ಟೆಸ್ಟು ಶುರುವಾಗೋ ಜಾಗ ಕೆಡಬಾರದು. ಥ್ರೆಡ್ಡಿನಲ್ಲಿ ಮಾತ್ರ ಓಡಿಸಬೇಡಿ. ಒಂದು ಪ್ರೋಸೆಸ್ಸಿನ ಥ್ರೆಡ್ಡುಗಳಿಗೆಲ್ಲಾ ಕೂತ ಜಾಗ ಒಂದೇ, ಒಬ್ಬ ಎದ್ದರೆ ಎಲ್ಲರೂ ಎದ್ದ ಹಾಗೆ. ಹೋಗಿ ಮುಟ್ಟಿದ್ವಾ ಅನ್ನೋದಕ್ಕೆ ಪಾತ್ ಸ್ಟ್ರಿಂಗ್ ಹೋಲಿಸಬೇಡಿ. ಮ್ಯಾಕ್‌ನಲ್ಲಿ ಟೆಂಪ್ ಫೋಲ್ಡರಿಗೆ ಹೋಗಿ ಎಲ್ಲಿದ್ದೀನಿ ಅಂತ ಕೇಳಿದ್ರೆ ಮುಂದೆ ಪ್ರೈವೇಟ್ ಅಂತ ಸೇರಿಸಿ ಹೇಳುತ್ತೆ, ಅಲ್ಲಿ ಟೆಂಪ್ ಒಂದು ಸಿಮ್‌ಲಿಂಕು. ಅದರ ಬದಲು ಗುರಿಯ ಫೋಲ್ಡರಿನ ಡಿವೈಸ್ ನಂಬರು, ಐನೋಡ್ ನಂಬರು ಮೊದಲೇ ಸ್ಟ್ಯಾಟ್ ಮಾಡಿ ಇಟ್ಕೊಂಡು, ಹೋದ ಮೇಲೆ ಡಾಟ್ ಅನ್ನ ಸ್ಟ್ಯಾಟ್ ಮಾಡಿ ಎರಡೂ ಒಂದೇನಾ ನೋಡಿ. ಪರ್ಮಿಷನ್ ಟೆಸ್ಟು ರೂಟ್ ಅಲ್ಲದವನಾಗಿ ಓಡಿಸಿ. ಅದರಲ್ಲೂ ಓದೋ ಪರ್ಮಿಷನ್ ಇದ್ದು ಎಕ್ಸ್ ಇಲ್ಲದ ಫೋಲ್ಡರು ಒಂದು, ಎಕ್ಸ್ ಮಾತ್ರ ಇರೋದು ಇನ್ನೊಂದು. ಮೊದಲನೇದಕ್ಕೆ ಹೋಗೋಕಾಗಲ್ಲ, ಎರಡನೇದಕ್ಕೆ ಹೋಗಬಹುದು ಆದರೆ ಒಳಗೆ ಏನಿದೆ ಪಟ್ಟಿ ಸಿಗಲ್ಲ. ಹತ್ತು ಜನ ಇಂಟರ್‌ವ್ಯೂಗೆ ಬಂದ್ರೆ ಒಂಬತ್ತು ಜನ ಇದನ್ನ ತಿರುಗಾಮುರುಗಾ ಹೇಳ್ತಾರೆ.

ಎಲ್ಲಕ್ಕಿಂತ ಮುಖ್ಯ, ಕಾವಲು ಫೈಲು. ಪ್ರೋಗ್ರಾಮು ಹುಟ್ಟೋ ಫೋಲ್ಡರಿನಲ್ಲಿ ಒಂದು ಫೈಲು ಇಡಿ, ಅದರ ತಾರೀಖು ತಿಂಗಳ ಹಿಂದಕ್ಕೆ ಹಾಕಿ. ಗುರಿಯ ಫೋಲ್ಡರು ಇಲ್ಲದ ಹಾಗೆ ಮಾಡಿ ಪ್ರೋಗ್ರಾಮು ಓಡಿಸಿ. ಮುಗಿದ ಮೇಲೆ ಕಾವಲು ಫೈಲು ಬದುಕಿದೆಯಾ? ಎಕ್ಸಿಟ್ ಕೋಡು ಸೊನ್ನೆ ಅಲ್ಲ ತಾನೇ? ನಂಜನಗೂಡಿನ ಆ ರಾತ್ರಿಗೆ ಬೇಕಾಗಿದ್ದ ಟೆಸ್ಟು ಇಷ್ಟೇ, ಹದಿನೈದು ಸಾಲು. ಫೋಲ್ಡರು ಇಲ್ಲದ ಹಾಗೆ ಮಾಡೋಕೂ ಸೋಮಾರಿತನ ಅಂದ್ರೆ ಸ್ಟ್ರೇಸ್ ಇದೆ. 2016ರ ಕೊನೆಯಿಂದ ಅದರಲ್ಲಿ ಬೇಕಾದ ಸಿಸ್ಟಮ್ ಕಾಲಿಗೆ ಬೇಕಾದ ಎರರ್ ತುರುಕೋ ಸೌಲಭ್ಯ ಬಂದಿದೆ. ನಿಮ್ಮ ಕೋಡಿನ ಒಂದು ಅಕ್ಷರ ಮುಟ್ಟದೇ, ಸಿಎಚ್‌ಡಿರ್ ಕರೆದಾಗೆಲ್ಲಾ ಇ-ಆ್ಯಕ್ಸೆಸ್ಸೋ, ಡಿಸ್ಕ್ ಕೆಟ್ಟಿದೆ ಅನ್ನೋ ಇ-ಐಓನೋ ಬರೋ ಹಾಗೆ ಮಾಡಬಹುದು. ಒಂದೇ ಕಮ್ಯಾಂಡು. ದುಡ್ಡು ಕೊಡಬೇಕಿಲ್ಲ, ಲೈಸೆನ್ಸ್ ಬೇಕಿಲ್ಲ, ಮ್ಯಾನೇಜರ್ ಅಪ್ರೂವಲ್ ಬೇಕಿಲ್ಲ.

ಶನಿವಾರ ಒಂದು ಗಂಟೆ ಬಿಡುವು ಸಿಕ್ಕರೆ ನಿಮ್ಮ ಪ್ರಾಜೆಕ್ಟಿನಲ್ಲಿ ಸಿಎಚ್‌ಡಿರ್ ಅಂತ ಗ್ರೆಪ್ ಹೊಡೆದು ನೋಡಿ. ಇಫ್ ಇಲ್ಲದೇ ಒಂಟಿಯಾಗಿ ನಿಂತಿರೋವು ಎಷ್ಟು, ಇಫ್ ಇದ್ದೂ ಖಾಲಿ ಬ್ರೇಸ್ ಇರೋವು ಎಷ್ಟು, ಎಣಿಸಿ. ನಾನು ಈಗಿರೋ ಕಡೆ ಎಣಿಸಿದೆ. ಸಂಖ್ಯೆ ಇಲ್ಲಿ ಬರೀಬಹುದಿತ್ತು, ಆದರೆ ನಮ್ಮ ಮ್ಯಾನೇಜರ್ರೂ ಈ ಬ್ಲಾಗ್ ಓದ್ತಾರೆ :)